ಕಸ್ತೂರಿಯ ಹಗ್ಗ ಹಿಡಿದ ಚಳಿಗಾಲ

ಸಿರಿ, ಸಮರ್ಥ, ಮೊನ್ನೆ ನೀವಿಬ್ಬರೂ ಗ್ಯಾರೇಜಿನಲ್ಲಿ ಹಳೇ ಡಬ್ಬಿಗಳನ್ನು ಎಳೆದಾಡುವಾಗ ಒಂದು ಕಪ್ಪು ಚೀಲದ ಜಿಪ್ ತೆಗೆದಿರಿ. ಒಳಗಿನಿಂದ ರಬ್ಬರು, ಟಾಲ್ಕಮ್ ಪೌಡರು, ಕೆಸರು ಎಲ್ಲಾ ಸೇರಿದ ವಾಸನೆ ಬಂತು. ನೀವು ಮೂಗು ಮುಚ್ಚಿಕೊಂಡು ನಕ್ಕಿರಿ. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅಜ್ಜಿಗೆ ತಲೆ ತಿರುಗಿತು ಅಂತ ಸಿರಿ ನೀರು ತಂದುಕೊಟ್ಟಳು. ತಲೆ ತಿರುಗಿರಲಿಲ್ಲ. ಅದು ನಿಮ್ಮ ಅಮ್ಮ ನೀರಿಗಿಳಿಯುವಾಗ ತೊಡುತ್ತಿದ್ದ ಸೂಟಿನ ವಾಸನೆ.

ಅದೇ ದಿನ ಊಟದ ಹೊತ್ತಿಗೆ ಸಮರ್ಥ ಅವಳ ಎಡಗಡೆ ಕುಳಿತು ಏನೋ ಕೇಳಿದ. ಅವಳಿಗೆ ಕೇಳಿಸಲಿಲ್ಲ. ಅಮ್ಮ ಆ ಕಡೆ ಕಿವುಡಿ ಅಂತ ನೀವು ಇಂಗ್ಲಿಷಿನಲ್ಲಿ ಹಾಸ್ಯ ಮಾಡಿದಿರಿ, ಅವಳೂ ನಕ್ಕಳು. ಯಾಕೆ ಹಾಗಾಯಿತು ಅಂತ ನೀವು ಕೇಳಲಿಲ್ಲ, ಅವಳು ಹೇಳಲಿಲ್ಲ. ಆ ಕಿವಿ ಹರಿದದ್ದು ನನ್ನ ಕೈಯಿಂದ. ಎದುರು ಕುಳಿತು ಹೇಳುವ ಧೈರ್ಯ ನನಗಿಲ್ಲ. ಊರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳು, ನಾಲ್ಕು ಜನರ ನಡುವೆ ಬಾಯಿ ತೆರೆದವಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದು, ಅಮ್ಮನೇ ಓದಿ ಹೇಳಬೇಕು. ಎಲ್ಲೂ ಒಂದು ಸಾಲನ್ನೂ ಬಿಡಬಾರದು ಅಂತ ಅವಳಿಗೆ ಮೊದಲೇ ಹೇಳಿದ್ದೇನೆ.

ನಾನು ಹೇಳುವುದು ಎರಡು ಸಾವಿರದ ಹದಿನೈದರ ಚಳಿಗಾಲದ ಮಾತು. ನಿಮ್ಮ ಅಜ್ಜ ಲಕ್ವಾ ಹೊಡೆದು ಮಲಗಿ ತೀರಿಕೊಂಡು ಎರಡು ವರ್ಷ ಆಗಿತ್ತು. ನಾನು ಆರು ತಿಂಗಳಿಗೆಂದು ಟೆಕ್ಸಸ್ಸಿನ ಮಿಸೌರಿ ಸಿಟಿಯ ಈ ಮನೆಗೆ ಬಂದಿದ್ದೆ. ಸಿರಿಗೆ ಆರು ವರ್ಷ, ಸಮರ್ಥನಿಗೆ ನಾಲ್ಕು. ನಿಮ್ಮ ಅಮ್ಮ ಹ್ಯೂಸ್ಟನ್ನಿನ ಒಂದು ಕಂಪನಿಯಲ್ಲಿ ಇಂಜಿನಿಯರು. ಸೇತುವೆಯ ಕಂಬಗಳು, ಅಣೆಕಟ್ಟಿನ ಬಾಗಿಲುಗಳು ನೀರಿನ ಕೆಳಗೆ ಹೇಗಿವೆ, ಎಲ್ಲಿ ಬಿರುಕು ಬಿಟ್ಟಿವೆ ಅಂತ ತಾನೇ ಮುಳುಗಿ ಮುಟ್ಟಿ ನೋಡಿ ಬರೆದುಕೊಡುವ ಕೆಲಸ. ಆ ವರ್ಷ ಕಂಪನಿಗೆ ಉತ್ತರದ ಕಡೆಯ ಅಣೆಕಟ್ಟುಗಳ ಕೆಲಸ ಸಿಕ್ಕಿತ್ತು. ಅಲ್ಲಿ ಚಳಿಗಾಲದಲ್ಲಿ ಕೆರೆಗಳ ಮೇಲೆ ಎರಡು ಮೊಳ ದಪ್ಪದ ಮಂಜುಗಡ್ಡೆ ಕಟ್ಟುತ್ತದೆ. ಅದರ ಕೆಳಗೆ ಇಳಿಯಬೇಕಾದರೆ ಬೇರೆ ತರಬೇತಿ, ಬೇರೆ ಸರ್ಟಿಫಿಕೇಟು. ಆಫೀಸಿನ ಗಂಡಸರಲ್ಲಿ ಇಬ್ಬರು ಬೇಡವೆಂದರು. ಇವಳು ಕೈ ಎತ್ತಿದಳು.

ಇವಳು ನೀರಿಗೆ ಅಂಜುವವಳಲ್ಲ. ಹೇಗೆ ಅಂಜದವಳಾದಳು ಅನ್ನುವುದನ್ನು ಹೇಳದೆ ಮುಂದಿನದು ನಿಮಗೆ ತಿಳಿಯದು.

ನಮ್ಮೂರು ಕೃಷ್ಣಾ ನದಿಯ ಕಡೆ. ತೋಟದಲ್ಲಿ ನಮ್ಮದೊಂದು ದೊಡ್ಡ ಬಾವಿ ಇತ್ತು, ಅರ್ಧದವರೆಗೆ ಕಲ್ಲಿನ ಮೆಟ್ಟಿಲು. ಊರಿನ ಹುಡುಗರಿಗೆಲ್ಲ ಈಸು ಕಲಿಸುತ್ತಿದ್ದವರು ನಿಮ್ಮ ಅಜ್ಜ. ಬೇರೆಯವರ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಮೆಲ್ಲಗೆ ಇಳಿಸುತ್ತಿದ್ದರು. ಹಗ್ಗ ಬಿಗಿಯಾಗಿ ಅಲುಗದೆ ನಿಂತಿತೆಂದರೆ ಹುಡುಗ ತಳ ಕಂಡ ಅಂತ ಅರ್ಥ, ಆ ಕ್ಷಣ ಎಳೆಯಬೇಕು. ನಿಮ್ಮ ಅಮ್ಮ ಕಸ್ತೂರಿಗೆ ಆರು ತುಂಬಿದ ಬೇಸಿಗೆಯಲ್ಲಿ, ನನ್ನ ಮಗಳಿಗೆ ಬುರುಡೆ ಬೇಡ ಅಂದರು. ಹಗ್ಗ ಮಾತ್ರ ಕಟ್ಟಿದರು. ಅವಳು ಕಟ್ಟೆಯ ಕಲ್ಲನ್ನು ತಬ್ಬಿಕೊಂಡು ಒಲ್ಲೆ ಅಂದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎತ್ತಿ ಒಗೆದರು. ಅವಳು ಮುಳುಗಿದಳು. ಹಗ್ಗ ಬಿಗಿಯಾಯಿತು, ನಿಂತಿತು. ಅವರು ಎಳೆಯಲಿಲ್ಲ. ಇನ್ನಷ್ಟು ಸಡಿಲ ಬಿಟ್ಟರು. ಎಳೆದಾಗ ತುಟಿ ನೀಲಿಯಾಗಿತ್ತು, ಗೋಡೆಯ ಕಲ್ಲು ಬಡಿದು ಹಣೆ ಒಡೆದಿತ್ತು. ನೀರು ಕಾರಿಸಿ ಮತ್ತೆ ಒಗೆದರು. ಮತ್ತೆ. ನಾಲ್ಕನೆಯ ಸಲಕ್ಕೆ ಅವಳು ಕೈಕಾಲು ಬಡಿದು ತಾನೇ ಮೆಟ್ಟಿಲು ಹಿಡಿದಳು. ನಿಮ್ಮ ಅಜ್ಜ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಮೆರೆಸಿದರು.

ನಾನು ಅಷ್ಟೂ ಹೊತ್ತು ಮೇಲಿನ ಮೆಟ್ಟಿಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಹಗ್ಗದ ತುದಿ ನನ್ನ ಕಾಲ ಹತ್ತಿರವೇ ಸುರುಳಿ ಬಿದ್ದಿತ್ತು. ಮುಟ್ಟಲಿಲ್ಲ.

ಈಗ ಟೆಕ್ಸಸ್ಸಿಗೆ ಬರುತ್ತೇನೆ. ನಿಮ್ಮ ಅಮ್ಮನಿಗೆ ತಣ್ಣೀರಿನ ತರಬೇತಿ ಕೊಟ್ಟವನ ಹೆಸರು ಡೇಲ್. ಇಲ್ಲಿಂದ ಉತ್ತರಕ್ಕೆ ನಾಲ್ಕು ತಾಸಿನ ಹಾದಿಯ ಲೂಯಿಸ್‌ವಿಲ್‌ನಲ್ಲಿ ಅವನದೊಂದು ಶೆಡ್ಡು ಇತ್ತು. ಅರವತ್ತರ ಹತ್ತಿರದ ಆಳು, ಎಮ್ಮೆಯಂಥ ಕುತ್ತಿಗೆ, ಬಿಳೀ ಮೀಸೆ. ಬೈಯುವುದಕ್ಕೂ ಮಾತಾಡುವುದಕ್ಕೂ ಅವನಿಗೆ ವ್ಯತ್ಯಾಸ ಇರಲಿಲ್ಲ. ಅವನದೊಂದು ಕಟ್ಟಳೆ ಇತ್ತು. ಮುಳುಗುವವರ ಸೊಂಟಕ್ಕೆ ಹಗ್ಗ, ಆ ಹಗ್ಗ ಮೇಲೆ ಒಬ್ಬರ ಕೈಯಲ್ಲಿ. ಹಿಡಿಯುವವರನ್ನು ಮುಳುಗುವವರೇ ಆರಿಸಿ ಕರೆತರಬೇಕು, ಮನೆಯವರಾದರೆ ಒಳ್ಳೆಯದು, ಏಕೆಂದರೆ ಮನೆಯವರು ಹಗ್ಗ ಹಿಡಿದುಕೊಂಡು ಫೋನ್ ನೋಡುವುದಿಲ್ಲ ಅನ್ನುತ್ತಿದ್ದ.

ಅಮ್ಮ ಮೊದಲು ನಿಮ್ಮ ಅಪ್ಪನನ್ನೇ ಕೇಳಿದ್ದು. ಕಂಪ್ಯೂಟರ್ ಕೆಲಸದ ಮಂಜುನಾಥ ಕೈ ಮುಗಿದುಬಿಟ್ಟರು.

"ಅತ್ತಿಯವರು ನಲವತ್ತ ವರ್ಷ ಬಾವಿಯಿಂದ ನೀರ ಸೇದ್ಯಾರ. ನಾ ಏನ್ ಎಳದೇನಿ, ಮೌಸ್?"

ಎಲ್ಲರೂ ನಕ್ಕರು, ಕೆಲಸ ನನ್ನ ಕೊರಳಿಗೆ ಬಿತ್ತು. ನನಗೆ ಒಳಗೊಳಗೇ ಆಸೆಯೂ ಇತ್ತು. ಯಾಕೆ ಅಂತ ಆಗ ಯಾರೂ ಕೇಳಲಿಲ್ಲ.

ಹಗ್ಗದ ಭಾಷೆ ಕಷ್ಟದ್ದಲ್ಲ. ಕೆಳಗಿನಿಂದ ಒಂದು ಜಗ್ಗು ಬಂದರೆ ನಾನು ಚೆನ್ನಾಗಿದ್ದೇನೆ ಅಂತ. ಎರಡು ಬಂದರೆ ಇನ್ನಷ್ಟು ಹಗ್ಗ ಬಿಡು, ಮೂರಾದರೆ ಸಡಿಲವನ್ನು ಸುತ್ತಿಕೋ, ನಾಲ್ಕಾದರೆ ಎಳೆ. ನಾಲ್ಕು ಬರುವವರೆಗೆ ಎಳೆಯಬಾರದು, ಸಾಯುವ ಹಾಗಿದ್ದರೂ ಎಳೆಯಬಾರದು, ಏಕೆಂದರೆ ಕೆಳಗೇನು ನಡೆದಿದೆ ಅನ್ನುವುದು ಕೆಳಗಿನವರಿಗೆ ಗೊತ್ತು, ಮೇಲಿನವರಿಗಲ್ಲ. ಇದನ್ನು ನಾವು ಇದೇ ಮನೆಯಲ್ಲಿ ಕಲಿತೆವು. ಅವಳು ಮಹಡಿಯ ಮೇಲೆ ಕಣ್ಣು ಮುಚ್ಚಿ ನೆಲದ ಮೇಲೆ ಮಲಗುವುದು, ನಾನು ಕೆಳಗೆ ಅಡಿಗೆಮನೆಯಲ್ಲಿ ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಸೌಟು. ನೀವಿಬ್ಬರೂ ಓಡಿಹೋಗಿ ಹಗ್ಗ ಜಗ್ಗುತ್ತಿದ್ದಿರಿ. ನೋಡದೆಯೇ ಇದು ಸಿರಿ, ಇದು ಸಮರ್ಥ ಅಂತ ನಾನು ಕೂಗಿ ಹೇಳುತ್ತಿದ್ದೆ. ಅಜ್ಜಿ ಮ್ಯಾಜಿಕ್ ಮಾಡ್ತಾಳೆ ಅಂತ ನೀವು ಬೆರಗಾಗುತ್ತಿದ್ದಿರಿ. ಮ್ಯಾಜಿಕ್ ಏನಲ್ಲ. ಒಬ್ಬೊಬ್ಬರ ಕೈ ಹಗ್ಗಕ್ಕೆ ಒಂದೊಂದು ಥರ ಬೀಳುತ್ತದೆ. ಸಮರ್ಥ ಜಗ್ಗಿ ತಟ್ಟನೆ ಬಿಡುತ್ತಿದ್ದ, ಸಿರಿ ಜಗ್ಗಿ ಹಿಡಿದುಕೊಳ್ಳುತ್ತಿದ್ದಳು. ನಿಮ್ಮ ಅಮ್ಮನದು ಬಾಗಿಲು ತಟ್ಟಿದ ಹಾಗೆ, ಸಮನಾಗಿ, ನಡುವೆ ಒಂದು ಉಸಿರಿನ ಅಂತರ.

ಜನವರಿಯ ಮೊದಲ ಎರಡು ಶನಿವಾರ ಲೂಯಿಸ್‌ವಿಲ್ಲಿನ ಕೆರೆಯಲ್ಲಿ. ಅದರ ನೀರು ನೆನೆಸಿದ ಹುಣಸೆಹಣ್ಣಿನ ರಸ. ಕೈಯನ್ನು ಮೂಗಿನ ಮುಂದೆ ಹಿಡಿದರೂ ಕಾಣುವುದಿಲ್ಲ ಅಂತ ಅವಳು ಹೇಳುತ್ತಿದ್ದಳು. ಡೇಲ್ ಅವಳೊಂದಿಗೇ ಮುಳುಗಿ, ಆ ಕತ್ತಲೆಯಲ್ಲಿ ಹಿಂದಿನಿಂದ ಬಂದು ಮುಖದ ಮಾಸ್ಕ್ ಕೀಳುತ್ತಿದ್ದ, ಕಾಲು ಹಿಡಿದು ಬುಗುರಿಯ ಹಾಗೆ ತಿರುಗಿಸುತ್ತಿದ್ದ, ಬೆನ್ನಿನ ಸಿಲಿಂಡರಿನ ನಲ್ಲಿ ತಿರುವಿ ಗಾಳಿ ನಿಲ್ಲಿಸುತ್ತಿದ್ದ. ಮಂಜಿನ ಕೆಳಗೆ ಹೆದರಿಕೆ ಬಂದಾಗ ಕೈಗಳಿಗೆ ತಮ್ಮ ಕೆಲಸ ಗೊತ್ತಿರಬೇಕು, ಅದಕ್ಕೆ ಇದೇ ದಾರಿ ಅಂತ ಅವನ ವಾದ. ಅವಳು ಮೇಲೆ ಬಂದಾಗ ಗಲ್ಲದ ಮೇಲೆ ಬೆರಳಿನ ಗುರುತು ಕೆಂಪಗೆ ಎದ್ದಿರುತ್ತಿತ್ತು.  ಒಂದು ಸಲ ಡೇಲ್ ನನ್ನನ್ನು ನೋಡಿ ಅವಳಿಗೆ, ನಿನ್ನ ತಾಯಿ ನನ್ನನ್ನು ಕಣ್ಣಲ್ಲೇ ಕೊಲ್ಲುತ್ತಾಳೆ ಅಂದನಂತೆ. ಅವನಿಗೆ ನಿಮ್ಮ ಅಜ್ಜನ ಮುಖ ಇರಲಿಲ್ಲ, ಆದರೂ ನಾನು ಅಲ್ಲಿ ಬೇರೆ ಯಾರ ಮುಖವನ್ನೂ ನೋಡಲಿಲ್ಲ.

ಮೂರನೆಯ ಶನಿವಾರ ಆಸ್ಟಿನ್ ಹತ್ತಿರದ ದೊಡ್ಡ ಸರೋವರಕ್ಕೆ ಹೋದೆವು. ಅಲ್ಲಿ ಆಳ ಜಾಸ್ತಿ, ನೀರು ತಿಳಿ. ಮರದ ತೇಲುಗಟ್ಟೆಯ ಮೇಲೆ ನಾನು ಕಾಲು ಚಾಚಿ ಕುಳಿತೆ. ಉತ್ತರದ ಗಾಳಿ ಬೀಸಿ ಬೀಸಿ ಕಟ್ಟೆ ಎದ್ದು ಬಿದ್ದು ಮಾಡುತ್ತಿತ್ತು. ಅವತ್ತು ನಲವತ್ತು ಅಡಿ ಕೆಳಗೆ, ಮಾಸ್ಕ್ ಇಲ್ಲದೆ, ಗಾಳಿ ನಿಲ್ಲಿಸಿ, ತಾನೇ ಬದಲಿ ಗಾಳಿಯ ಎರಡನೆಯ ನಲ್ಲಿ ಹುಡುಕಿಕೊಳ್ಳುವ ಪಾಠ ಅಂತ ನನಗೆ ಮೊದಲೇ ಹೇಳಿದ್ದರು. ತಲೆಗೆ ಗೊತ್ತಿತ್ತು. ಒಂದು ಜಗ್ಗು ಬಂತು. ಆಮೇಲೆ ಬರಲಿಲ್ಲ. ಹಗ್ಗ ಮೆಲ್ಲಗೆ ಬಿಗಿಯಾಯಿತು. ಅಲುಗದೆ ನಿಂತಿತು.

ನನ್ನ ಕೈಯಲ್ಲಿ ಇದ್ದದ್ದು ಆ ಕ್ಷಣ ನೈಲಾನ್ ಹಗ್ಗ ಆಗಿರಲಿಲ್ಲ. ಎದ್ದು ನಿಂತು, ಕಾಲನ್ನು ಕಟ್ಟೆಯ ಅಂಚಿಗೆ ಒತ್ತಿ, ತುಂಬಿದ ಕೊಡ ಸೇದುವ ಹಾಗೆ ಕೈ ಮೇಲೆ ಕೈ ಹಾಕಿ ಎಳೆದೆ. ಕೆಳಗೆ ಅವಳು ಎಡವಿ, ತಿರುಗಿ, ಹಗ್ಗ ಹಿಡಿದು ತಡೆಯಲು ನೋಡಿದಳಂತೆ. ನನಗೆ ಅದು ಒದ್ದಾಟ ಅನಿಸಿತು, ಇನ್ನೂ ಜೋರಾಗಿ ಎಳೆದೆ. ಆ ಸೂಟಿನೊಳಗಿನ ಗಾಳಿ ಮೇಲೆ ಬಂದಷ್ಟೂ ಹಿಗ್ಗುತ್ತದೆ, ಹಿಗ್ಗಿದಷ್ಟೂ ಮೇಲಕ್ಕೆ ದೂಡುತ್ತದೆ. ಕೊನೆಗೆ ನಾನು ಎಳೆಯಬೇಕಾಗಿರಲಿಲ್ಲ, ಅವಳು ನೀರನ್ನು ಒಡೆದುಕೊಂಡು ಸೊಂಟದವರೆಗೆ ಮೇಲೆ ಹಾರಿ ಕಟ್ಟೆಗೆ ಬಡಿದಳು. ಮೂಗಿನಿಂದ ರಕ್ತ. ಎಡಗಿವಿಯಿಂದ ರಕ್ತ, ಕುತ್ತಿಗೆಯ ರಬ್ಬರಿನ ಮೇಲೆ ಇಳಿದು ಹಗ್ಗದ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಕಿವಿ ಹಿಡಿದುಕೊಂಡು ಪ್ರಾಣಿಯ ಹಾಗೆ ಕೂಗಿದಳು, ನಿಂತ ನೆಲ ತಿರುಗುತ್ತಿದೆ ಅನ್ನುತ್ತಾ ವಾಂತಿ ಮಾಡಿದಳು. ಡೇಲ್ ನಿಧಾನವಾಗಿ ಮೇಲೆ ಬಂದವನು ನನ್ನ ಕೈಯಿಂದ ಹಗ್ಗ ಕಿತ್ತುಕೊಂಡ. ಅವನು ಬೈದದ್ದು ನನಗೆ ತಿಳಿಯಲಿಲ್ಲ, ತಿಳಿಯದಿದ್ದರೂ ಸಾಕಾಗುವಷ್ಟಿತ್ತು.

ಆಸ್ಪತ್ರೆಗೆ ಹೋಗುವ ಕಾರಿನಲ್ಲಿ ಅವಳು ಕಿವಿಗೆ ಬಟ್ಟೆ ಒತ್ತಿಕೊಂಡು ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಡೇಲ್ ಡ್ರೈವ್ ಮಾಡುತ್ತಿದ್ದ. ನಾನು ಅವಳ ಕಾಲ ಹತ್ತಿರ ಕುಳಿತಿದ್ದೆ. ನಲ್ಲಿ ಸಿಕ್ಕಿತ್ತು, ಗಾಳಿ ಬಂದಿತ್ತು, ಇನ್ನು ಹತ್ತು ಎಣಿಸುವುದರಲ್ಲಿ ಪಾಠ ಮುಗಿಯುತ್ತಿತ್ತು ಅಂತ ಹೇಳಿದಳು.  ಆಮೇಲೆ ಕಣ್ಣು ತೆರೆಯದೆಯೇ ಅಂದಳು:

"ಅಪ್ಪ ಬಾವ್ಯಾಗ ಒಗದಾಗ ನೀ ಎಳೀಲಿಲ್ಲ. ಅಲ್ಲೇ ನಿಂತಿದ್ದಿ. ಈಗ್ಯಾಕ ಎಳದಿ, ಯವ್ವಾ?"

ಮೂವತ್ತು ವರ್ಷದಲ್ಲಿ ಅವಳು ಆ ಮಾತು ಎತ್ತಿರಲಿಲ್ಲ. ಅವಳಿಗೆ ನೆನಪಿಲ್ಲ ಅಂದುಕೊಂಡಿದ್ದೆ.  ಕಿಟಕಿಯ ಆಚೆ ಆಸ್ಟಿನ್ ಕಡೆಯ ಸುಣ್ಣದಕಲ್ಲಿನ ಗುಡ್ಡಗಳು ಹಿಂದೆ ಹೋಗುತ್ತಿದ್ದವು, ನಾನು ಅವನ್ನು ನೋಡುತ್ತ ಕುಳಿತೆ.

ಕಿವಿಯ ತಮಟೆ ಹರಿದಿತ್ತು. ವಾಸಿಯಾಗಲು ಏಳೆಂಟು ವಾರ, ಪೂರ್ತಿ ಕೇಳಿಸುತ್ತದೆ ಅನ್ನುವ ಭರವಸೆ ಇಲ್ಲ, ಅಲ್ಲಿಯವರೆಗೆ ನೀರು ಮುಟ್ಟಬಾರದು ಅಂದರು ಡಾಕ್ಟರು. ಉತ್ತರದ ತರಬೇತಿ ಮಾರ್ಚಿನಲ್ಲಿ, ಅಂದರೆ ಕೂದಲೆಳೆಯ ಅಂತರದಲ್ಲಿ. ಆ ವಾರಗಳಲ್ಲಿ ನಿಮ್ಮ ಅಮ್ಮ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಉಪ್ಪು ಕಡಿಮೆ ಆಗೇದ, ಸಮರ್ಥನ ಬಸ್ ಬಂತು, ಅಷ್ಟೇ. ನಾನು ಊರಿಗೆ ಟಿಕೆಟ್ ಮಾಡಿಸಿ ಅಂತ ನಿಮ್ಮ ಅಪ್ಪನಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡರು, ಮಾಡಿಸಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಡೇಲ್ ತಾನೇ ಬಂದ. ಕೈಯಲ್ಲಿ ಹಗ್ಗದ ಸುರುಳಿ. ನನ್ನನ್ನು ಕರೆದುಕೊಂಡು ಕಾಲೊನಿಯ ಈಜುಕೊಳಕ್ಕೆ ಹೋದ, ನಿಮ್ಮ ಅಮ್ಮನೂ ಹಿಂದೆ ಬಂದಳು. ಅವನೇ ಹಗ್ಗ ಕಟ್ಟಿಕೊಂಡು ಕೊಳದ ತಳದಲ್ಲಿ ಮಲಗಿದ. ಇಡೀ ಮಧ್ಯಾಹ್ನ ನನ್ನನ್ನು ಕಾಡಿದ. ಹಗ್ಗವನ್ನು ಹುಚ್ಚು ಹಿಡಿದವನ ಹಾಗೆ ಜಗ್ಗುತ್ತಿದ್ದ, ಕೊಡವುತ್ತಿದ್ದ, ಬಿಗಿಯಾಗಿಸಿ ಹೆಣದ ಹಾಗೆ ಬಿದ್ದಿರುತ್ತಿದ್ದ. ಎರಡು ಮೂರು ಸಲ ನನ್ನ ತೋಳು ತಾನಾಗಿಯೇ ಎದ್ದಿತು. ಎಳೆಯಲಿಲ್ಲ. ತುಟಿ ಕಚ್ಚಿ ರಕ್ತ ಬಂತು, ಎಳೆಯಲಿಲ್ಲ. ನಾಲ್ಕು ಬಂದಾಗ ಎಳೆದೆ. ಅವನು ಮೇಲೆ ಬಂದು ನಿಮ್ಮ ಅಮ್ಮನಿಗೆ ಏನೋ ಹೇಳಿದ. ಹೊಸಬರನ್ನು ಕರೆತಂದರೆ ಅವರು ಈ ತಪ್ಪನ್ನು ಅಲ್ಲಿ, ಮಂಜಿನ ಮೇಲೆ ಮಾಡುತ್ತಾರೆ, ನಿನ್ನ ತಾಯಿ ಇಲ್ಲೇ ಮಾಡಿ ಮುಗಿಸಿದ್ದಾಳೆ ಅಂತ. ಅವಳು ನನ್ನ ಕಡೆ ನೋಡಲಿಲ್ಲ. ದಪ್ಪ ಸ್ವೆಟರ್ ತಗೋಬೇಕು ಆಕಿಗೆ ಅಂದಳು, ಕನ್ನಡದಲ್ಲಿ, ಗಾಳಿಗೆ ಹೇಳಿದ ಹಾಗೆ.

ನೀರಿಗಿಳಿಯಬಹುದು ಅಂತ ಡಾಕ್ಟರು ಒಪ್ಪಿದ ಮೇಲೆ, ಮಾರ್ಚಿನಲ್ಲಿ ಉತ್ತರಕ್ಕೆ ಹೊರಟೆವು. ಲೂಯಿಸ್‌ವಿಲ್ಲಿನಿಂದ ಡೇಲ್‌ನ ಗಾಡಿಯಲ್ಲಿ ಎರಡು ದಿನದ ಹಾದಿ. ಓಕ್ಲಹೋಮಾ ದಾಟಿದ ಮೇಲೆ ಹುಲ್ಲು ಸತ್ತಿತು, ಆಮೇಲೆ ಬಣ್ಣ ಸತ್ತಿತು, ಕೊನೆಗೆ ಎಲ್ಲಾ ಬಿಳಿ. ಆ ಕೆರೆ ಕಣ್ಣಿಗೆ ಕೆರೆಯಾಗಿ ಕಾಣಲೇ ಇಲ್ಲ, ಬಿತ್ತದೆ ಬಿಟ್ಟ ದೊಡ್ಡ ಹೊಲ. ಅದರ ಮೇಲೆ ಲಾರಿ ಓಡಾಡುತ್ತಿತ್ತು. ಮರ ಕೊಯ್ಯುವ ಮೋಟಾರು ಗರಗಸದಿಂದ ಡೇಲ್ ಮಂಜನ್ನು ಮೂರು ಮೂಲೆಯಾಗಿ ಕೊಯ್ದ. ಗರಗಸ ಕಿರುಚುತ್ತ ನೀರು ಕಂಡಾಗ ಕಪ್ಪು ನೀರು ಚಿಮ್ಮಿ ಅವನ ಮೀಸೆಯ ಮೇಲೆ ಹೆಪ್ಪುಗಟ್ಟಿತು. ಕೊಯ್ದ ಗಡ್ಡೆಯನ್ನು ಕೆಳಗೆ ತಳ್ಳಿ ಪಕ್ಕಕ್ಕೆ ಸರಿಸಿದರು. ತೂತಿನ ಸುತ್ತ ಹಿಮವನ್ನು ಸಲಿಕೆಯಿಂದ ಬಳಿದು, ಚಕ್ಕಡಿಯ ಗಾಲಿಯ ಅರಗಳ ಹಾಗೆ ಗೆರೆ ಮಾಡಿದರು. ಕೆಳಗೆ ದಾರಿ ತಪ್ಪಿದವನಿಗೆ ಆ ಗೆರೆಗಳಿಂದ ಬೆಳಕು ಬಿದ್ದು ತೂತು ಎಲ್ಲಿದೆ ಅಂತ ತಿಳಿಯಬೇಕು. ಮೂಗಿನ ಒಳಗಿನ ಕೂದಲು ಹೆಪ್ಪುಗಟ್ಟುವ ಚಳಿ. ಆಗಾಗ ಇಡೀ ಕೆರೆ ತೋಪು ಹಾರಿಸಿದ ಹಾಗೆ ಗುಡುಗುತ್ತಿತ್ತು. ಮಂಜು ಬಿರಿಯುವ ಸದ್ದು ಅದು, ಅಂಜಬೇಡ ಅಂತ ಕೈಸನ್ನೆ ಮಾಡಿದರು.

ನಮ್ಮ ಜೊತೆ ಇನ್ನೊಬ್ಬ ಕಲಿಯುವವನಿದ್ದ, ಹ್ಯಾಂಕ್ ಅಂತ. ಬೆಂಕಿ ಆರಿಸುವ ಇಲಾಖೆಯವನು, ಬಾಗಿಲು ತುಂಬುವ ಆಳು. ಅವನ ಹಗ್ಗ ಹಿಡಿಯಲು ಅವನ ಹೆಂಡತಿ ಲಿಂಡಾ ಬಂದಿದ್ದಳು. ಎರಡು ದಿನ ನಾವಿಬ್ಬರೂ ಒಂದೇ ಕಂಬಳಿ ಹೊದ್ದು ತೂತಿನ ಅಂಚಿನಲ್ಲಿ ಕುಳಿತೆವು. ಅವಳ ಮಾತು ನನಗೆ ತಿಳಿಯದು, ನನ್ನದು ಅವಳಿಗೆ ತಿಳಿಯದು. ನಾನು ಕೊಟ್ಟ ಚಕ್ಕುಲಿಯನ್ನು ಮಾತ್ರ ಅವಳು ಎಣಿಸದೆ ತಿಂದಳು.

ಮೂರನೆಯ ದಿನ ಬೆಳಿಗ್ಗೆ ಹ್ಯಾಂಕ್ ಇಳಿದ. ಒಬ್ಬರು ಕೆಳಗಿದ್ದಾಗ ಇನ್ನೊಬ್ಬರು ಪೂರ್ತಿ ಸಜ್ಜಾಗಿ ತೂತಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿರಬೇಕು. ಅವತ್ತು ಹಾಗೆ ಕುಳಿತವಳು ನಿಮ್ಮ ಅಮ್ಮ, ಅವಳ ಹಗ್ಗ ನನ್ನ ಕೈಯಲ್ಲಿ. ಇದ್ದಕ್ಕಿದ್ದಂತೆ ತೂತಿನ ನೀರು ಸಾರು ಉಕ್ಕಿದ ಹಾಗೆ ಗುಳ್ಳೆಯೆದ್ದು ಕುದಿಯಿತು. ಲಿಂಡಾಳ ಹಗ್ಗ ಎಡಕ್ಕೂ ಬಲಕ್ಕೂ ಬಡಿದಾಡಿತು. ಆಮೇಲೆ ಸಡಿಲವಾಯಿತು. ಅವಳು ಎಳೆದಳು, ಎಳೆದಳು, ಹಗ್ಗ ಹಗುರಾಗಿ ಬಂತು. ತುದಿಯಲ್ಲಿ ಬರೀ ಕಬ್ಬಿಣದ ಕೊಂಡಿ.

ಹ್ಯಾಂಕ್ ಬಾಯಿಗಿಟ್ಟ ಗಾಳಿಯ ನಳಿಗೆ ಚಳಿಗೆ ಹೆಪ್ಪುಗಟ್ಟಿ, ಗಾಳಿಯೆಲ್ಲ ಒಂದೇ ಸಮ ಹೊರಕ್ಕೆ ನುಗ್ಗಿತ್ತಂತೆ. ಗಾಬರಿಯಲ್ಲಿ ಕಾಲಿಗೆ ಹಗ್ಗ ಸುತ್ತಿಕೊಂಡಿತು, ಬಿಡಿಸಿಕೊಳ್ಳಲು ಅವನೇ ಕೊಂಡಿ ತೆಗೆದ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ಗೊತ್ತಿದ್ದದ್ದು ಇಷ್ಟೇ, ಒಬ್ಬ ಮನುಷ್ಯ ಮಂಜಿನ ಕೆಳಗೆ ಹಗ್ಗವಿಲ್ಲದೆ ಇದ್ದಾನೆ.

ಅಂಥ ಹೊತ್ತಿಗೆ ಮಾಡಬೇಕಾದದ್ದನ್ನು ಡೇಲ್ ಮೊದಲೇ ಕಲಿಸಿದ್ದ. ಕಳೆದವನು ಹೋಗಿರಬಹುದಾದ ದೂರಕ್ಕಿಂತ ಇನ್ನೂ ಆಚೆ ಹೋಗಿ, ಹಗ್ಗವನ್ನು ಬಿಗಿಯಾಗಿಟ್ಟುಕೊಂಡು, ಮಂಜಿನ ತಳಕ್ಕೆ ಅಂಟಿಕೊಂಡು ಗಡಿಯಾರದ ಮುಳ್ಳಿನ ಹಾಗೆ ಸುತ್ತು ಬರಬೇಕು. ಹಗ್ಗವೇ ಕಸಬರಿಗೆಯಂತೆ ಗುಡಿಸುತ್ತ ಹೋಗಿ ಅವನಿಗೆ ತಾಗುತ್ತದೆ. ಡೇಲ್ ನಿಮ್ಮ ಅಮ್ಮನ ಹೆಗಲು ತಟ್ಟಿದ. ಅವಳು ನನ್ನ ಕಡೆ ನೋಡಿದಳು. ಮಾಸ್ಕಿನ ಹಿಂದೆ ಕಣ್ಣು ಮಾತ್ರ.

"ಬಿಡಂದಾಗ ಬಿಡು," ಅಂದಳು, ನಳಿಗೆ ಕಚ್ಚಿಕೊಂಡಳು, ಹೋದಳು.

ಎರಡು ಜಗ್ಗು. ಬಿಟ್ಟೆ. ಮತ್ತೆ ಎರಡು. ಬಿಟ್ಟೆ. ಹಗ್ಗಕ್ಕೆ ಹತ್ತಡಿಗೊಂದು ಕೆಂಪು ಪಟ್ಟಿ ಇತ್ತು, ಅವು ಒಂದೊಂದಾಗಿ ಕಪ್ಪು ನೀರಿಗೆ ಇಳಿದುಹೋದವು. ಹತ್ತು, ಹನ್ನೊಂದು, ಹದಿಮೂರು. ಅವಳನ್ನು ನಾನೇ ದೂರ ಕಳಿಸುತ್ತಿದ್ದೆ, ನನ್ನ ಕೈಯಿಂದಲೇ. ಆಮೇಲೆ ಒಂದು ಜಗ್ಗು, ಮತ್ತು ಹಗ್ಗ ಓರೆಯಾಗಿ ಮೆಲ್ಲಗೆ ಸುತ್ತತೊಡಗಿತು. ಮಂಜಿನ ಅಂಚಿಗೆ ಉಜ್ಜಿ ಕಿರ್ರನೆ ಸದ್ದು. ಪಕ್ಕದಲ್ಲಿ ಲಿಂಡಾ ಮೊಣಕಾಲೂರಿ ಗಂಡನ ಹೆಸರು ಕೂಗುತ್ತಿದ್ದಳು.

ಅರ್ಧ ಸುತ್ತೂ ಆಗಿರಲಿಲ್ಲ. ಹಗ್ಗಕ್ಕೆ ಏನೋ ಬಡಿಯಿತು. ಮರುಕ್ಷಣ ಅದು ಹುಚ್ಚೆದ್ದಿತು. ಒಂದಲ್ಲ, ನಾಲ್ಕಲ್ಲ, ಲೆಕ್ಕವಿಲ್ಲದಷ್ಟು ಜಗ್ಗು, ಬಲೆಗೆ ಬಿದ್ದ ಹಂದಿ ಎಳೆದ ಹಾಗೆ. ನನ್ನ ಕೈಗವಸು ಹರಿಯಿತು. ಡೇಲ್ ಕೂಗಿದ, ಪುಲ್, ಪುಲ್. ಲಿಂಡಾ ಕೂಗಿದಳು. ನನ್ನ ಮೈಯ ಒಂದೊಂದು ನರವೂ ಎಳೆ ಅನ್ನುತ್ತಿತ್ತು.

ಆದರೆ ಅದು ಕಸ್ತೂರಿಯ ಕೈ ಅಲ್ಲ. ನನಗೆ ಅಡಿಗೆಮನೆಯಲ್ಲಿ ನಿಂತಷ್ಟು ಸ್ಪಷ್ಟವಾಗಿ ತಿಳಿಯಿತು. ಅದು ಆ ದೊಡ್ಡ ಮನುಷ್ಯನ ಕೈ, ಹಗ್ಗದ ನಡುವೆ ಎಲ್ಲೋ, ಬೆರಳು ಮರಗಟ್ಟಿದ ಕೈ. ಈಗ ಎಳೆದರೆ ಹಗ್ಗ ಅವನ ಮುಷ್ಟಿಯಿಂದ ಜಾರಿ ಬರುತ್ತದೆ, ತುದಿಯಲ್ಲಿ ನನ್ನ ಮಗಳು ಮಾತ್ರ ಬರುತ್ತಾಳೆ. ಮಗಳು ಬಂದರೆ ಸಾಕು ಅಂತ ಒಂದು ಮನಸ್ಸು ಹೇಳಿತು. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ, ಹೇಳಿತು.

"ನೋ," ಅಂದೆ. "ನಾಟ್ ಡಾಟರ್. ಹಿಸ್ ಹ್ಯಾಂಡ್. ವೇಟ್."

ಪರರ ಎದುರು ಅಷ್ಟು ಗಟ್ಟಿಯಾಗಿ ನಾನು ಯಾವ ಭಾಷೆಯಲ್ಲೂ ಮಾತಾಡಿರಲಿಲ್ಲ. ಡೇಲ್ ಹಗ್ಗಕ್ಕೆ ಕೈ ಹಾಕಿದ. ಮೊಣಕೈಯಿಂದ ಅವನ ಎದೆಗೆ ಗುದ್ದಿದೆ. ಅವನು ಹಿಂದಕ್ಕೆ ಸರಿದು ನನ್ನ ಮುಖ ನೋಡಿ ನಿಂತ. ಲಿಂಡಾ ನಿಲ್ಲಲಿಲ್ಲ. ನನ್ನ ಬೆನ್ನಿಗೆ ಗುದ್ದಿದಳು, ಮಫ್ಲರ್ ಹಿಡಿದು ಎಳೆದಳು, ಕೂದಲು ಕೈಗೆ ಸಿಕ್ಕಿತು. ಅವಳ ಗಂಡ ಸಾಯುತ್ತಿದ್ದಾನೆ, ಒಬ್ಬ ಮುದುಕಿ ಹಗ್ಗ ಎಳೆಯಲು ಬಿಡುತ್ತಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹೊಡೆಯುತ್ತಿದ್ದೆ, ಹೊಡೆಯುವುದನ್ನು ನಾನು ಕಲಿತಿದ್ದರೆ. ನಾನು ಬಾಗಿ ಹಗ್ಗವನ್ನು ಹೊಟ್ಟೆಗೆ ಒತ್ತಿಕೊಂಡು ಕುಳಿತೆ, ಅವಳ ಏಟು ಬೀಳುತ್ತಲೇ ಇತ್ತು.

ಹಗ್ಗದ ಹುಚ್ಚು ನಿಂತಿತು. ಸಡಿಲವಾಯಿತು. ಆ ಸಡಿಲದಲ್ಲಿ ಎಷ್ಟು ಹೊತ್ತು ಕುಳಿತೆನೋ ಗೊತ್ತಿಲ್ಲ. ತೂತಿನ ನೀರಿನಲ್ಲಿ ಕೆಂಪು ಎಳೆಯೊಂದು ಹೊಗೆಯ ಹಾಗೆ ತೇಲಿ ಬಂತು. ಆಗ ಜಗ್ಗು ಬಂತು. ಒಂದು. ಉಸಿರು. ಎರಡು. ಉಸಿರು. ಮೂರು. ನಾಲ್ಕು.

ಮೂವರೂ ಎಳೆದೆವು. ಲಿಂಡಾ ನನ್ನ ಹಿಂದೆ ನಿಂತು, ನನ್ನ ಸೊಂಟವನ್ನು ತಬ್ಬಿ ಹಿಡಿದು ಎಳೆದಳು. ಮೊದಲು ಹ್ಯಾಂಕ್‌ನ ಕೈ ಬಂತು, ಮಣಿಕಟ್ಟಿಗೆ ಹಗ್ಗ ಎರಡು ಸುತ್ತು ಸುತ್ತಿ ಗಂಟು ಹಾಕಿತ್ತು. ಆಮೇಲೆ ಅವನ ನೀಲಿ ಮುಖ. ಅವನ ಬೆನ್ನಿಗೆ ಮಂಗನ ಮರಿಯ ಹಾಗೆ ಅಂಟಿಕೊಂಡು ನಿಮ್ಮ ಅಮ್ಮ. ಅವಳ ಮಾಸ್ಕ್ ಇರಲಿಲ್ಲ. ಮೂಗು ಒಂದು ಕಡೆಗೆ ವಾಲಿತ್ತು. ಅವನು ಗಾಬರಿಯಲ್ಲಿ ಅವಳ ಮುಖಕ್ಕೆ ಮೊಣಕೈಯಿಂದ ಹೊಡೆದಿದ್ದ, ಮಾಸ್ಕ್ ಕಿತ್ತಿದ್ದ, ಕುತ್ತಿಗೆ ಹಿಡಿದಿದ್ದ. ಅವಳು ಹಿಂದಿನಿಂದ ಕಾಲಿನಲ್ಲಿ ಅವನ ನಡು ಕಟ್ಟಿ, ತನ್ನ ಎರಡನೆಯ ನಳಿಗೆಯನ್ನು ಅವನ ಬಾಯಿಗೆ ತುರುಕಿ, ಅವನು ಸೋಲುವವರೆಗೆ ಹೊಡೆತ ತಿಂದು, ಕೈಗೆ ಹಗ್ಗ ಸುತ್ತಿ, ಆಮೇಲೆ ಜಗ್ಗಿದ್ದಳು. ಡೇಲ್ ಅವನ ಎದೆ ಒತ್ತಿದ. ಒತ್ತುವಾಗ ಪಕ್ಕೆಲುಬು ಮುರಿದ ಸದ್ದು ನನಗೆ ಕೇಳಿಸಿತು. ಕೊನೆಗೆ ಹ್ಯಾಂಕ್ ಕೆಮ್ಮಿದ. ಆಂಬುಲೆನ್ಸು ಮಂಜಿನ ಮೇಲೇ ಓಡಿ ಬಂತು. ಅವನು ಬದುಕಿದ.

ಮರುದಿನ ಬೆಳಿಗ್ಗೆ ಹೊರಡುವಾಗ ನಿಮ್ಮ ಅಮ್ಮನ ಎರಡೂ ಕಣ್ಣು ಬಾತು ಮುಚ್ಚಿಕೊಂಡಿದ್ದವು. ಅವಳನ್ನು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂರಿಸಿದರು. ಡೇಲ್ ರೇಡಿಯೋ ಹಾಕಿ ಗಾಡಿ ಬಿಟ್ಟ.  ರಸ್ತೆಯ ಎರಡೂ ಕಡೆ ಬಿಳಿ. ಅವಳಿಗೆ ನಿದ್ದೆ ಬಂತೆಂದುಕೊಂಡಿದ್ದೆ. ನೀ ಡೇಲ್‌ಗೆ ಗುದ್ದಿದೆಯಂತೆ, ಅವನೇ ಹೇಳಿದ ಅಂದಳು, ಬಾತ ತುಟಿಯಿಂದ. ಹೂಂ ಅಂದೆ. ಎಳಿಬೇಕು ಅನ್ನಿಸಲಿಲ್ಲೇನು ಅಂದಳು. ಅನ್ನಿಸ್ತು ಅಂದೆ.

ಅವಳು ಆ ಬಾವಿಯ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಕೇಳದೆ ನನ್ನ ಕಡೆ ಮುಖ ಮಾಡಿ ಕುಳಿತಳು, ಕಾಣದ ಕಣ್ಣುಗಳಿಂದ.

"ಅಂಜಿದ್ದೆ, ಕಸ್ತೂರಿ," ಅಂದೆ. "ಹಗ್ಗ ಮುಟ್ಟಿದ್ರ ನಿಮ್ಮಪ್ಪ ನನ್ನನ್ನೂ ಬಾವ್ಯಾಗ ಒಗೀತಿದ್ದ. ನನಗ ಈಸು ಬರ್ತಿರಲಿಲ್ಲ. ನೀ ಸತ್ರೂ ನಾ ಉಳೀಲಿ ಅಂತ ನಿಂತೆ."

 ಅವಳು ನನ್ನ ಕೈ ಹಿಡಿಯಲಿಲ್ಲ, ಮುಖ ತಿರುಗಿಸಲೂ ಇಲ್ಲ. ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಾಗಲಿಲ್ಲ. ಮದುವೆಯಾದ ಮೊದಲ ವರ್ಷ ನಿಮ್ಮ ಅಜ್ಜ ನನ್ನ ಮೇಲೆ ಒಲೆಯ ಕೊಳ್ಳಿ ಎಸೆದದ್ದನ್ನು ಹೇಳಿದೆ. ಅವಳಿಗಿಂತ ಮೊದಲು ಹೊಟ್ಟೆಯಲ್ಲಿದ್ದದ್ದು ಯಾಕೆ ಉಳಿಯಲಿಲ್ಲ ಅನ್ನುವುದನ್ನು ಹೇಳಿದೆ. ನನ್ನ ತೋಳಿನ ಮೂಳೆ ಎತ್ತು ತಿವಿದು ಮುರಿದದ್ದಲ್ಲ ಅಂತ ಹೇಳಿದೆ. ಲಕ್ವಾ ಹೊಡೆದು ಮಲಗಿದಾಗ ಅವರ ಬಾಯಿಗೆ ಗಂಜಿ ಹಾಕುತ್ತ, ಒಂದು ದಿನ ಚಮಚವನ್ನು ಅವರ ತುಟಿಯ ಮುಂದೆಯೇ ಹಿಡಿದು, ಗಂಜಿ ಆರಿ ಕೆನೆ ಕಟ್ಟುವವರೆಗೆ ಸುಮ್ಮನೆ ನೋಡುತ್ತ ಕುಳಿತಿದ್ದೆ ಅಂತಲೂ ಹೇಳಿದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು.

ಡೇಲ್‌ಗೆ ಒಂದು ಪದವೂ ತಿಳಿಯುವ ಹಾಗಿರಲಿಲ್ಲ. ಅವನು ಕನ್ನಡಿಯಲ್ಲಿ ಒಂದು ಸಲ ನಮ್ಮನ್ನು ನೋಡಿ, ಕೈ ಚಾಚಿ ರೇಡಿಯೋ ಆಫ್ ಮಾಡಿದ. ಅಯೋವಾ ಮುಗಿಯಿತು, ಮಿಸೌರಿ ರಾಜ್ಯ ಮುಗಿಯಿತು. ಮರುದಿನ ಓಕ್ಲಹೋಮಾದಲ್ಲಿ ಮತ್ತೆ ಹುಲ್ಲು ಕಂಡಿತು. ಲೂಯಿಸ್‌ವಿಲ್ಲಿನ ಶೆಡ್ಡಿನ ಮುಂದೆ ಗಾಡಿ ನಿಂತಾಗ ನನ್ನ ಮಾತು ಇನ್ನೂ ಮುಗಿದಿರಲಿಲ್ಲ. ಡೇಲ್ ಇಂಜಿನ್ ಬಂದ್ ಮಾಡಲಿಲ್ಲ. ಹೀಟರ್ ನಮಗಾಗಿ ಓಡುತ್ತಲೇ ಇರಲಿ ಅಂತ ಬಿಟ್ಟು, ಸದ್ದಾಗದಂತೆ ಬಾಗಿಲು ಹಾಕಿಕೊಂಡು, ಸಾಮಾನು ಇಳಿಸಲು ಹೋದ.